ಬುಡದ ಕಡೆಗೆ ಬಾಣ

ಅಥವಾ ‘ಬುಡ’ ಎಂಬ ಶಬ್ದವನ್ನೇ ನಾನು ಆ ದಿನ ಬಳಸಿರಲಿಲ್ಲವೇನೋ. ‘ಒಳಗಿನ ಕಡೆ’ ಎಂದಿರಬಹುದು, ‘ಕೆಳಗ’ ಎಂದಿರಬಹುದು. ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ತೀರ ನಿಚ್ಚಳವಾಗಿದೆ. ಅನುಮಾನ ಬರುವುದೂ ಅದಕ್ಕೇ. ಡ್ರಿಲ್ಲಿನ ಪೆಟ್ರೋಲ್ ವಾಸನೆ, ಕಲ್ಲು ಕೊರೆದಾಗ ಹೊರಬರುವ ಬೂದುಬಣ್ಣದ ರಾಡಿ ನನ್ನ ಬರಿಗಾಲಿನ ಬೆರಳುಗಳ ಸಂದಿಯಲ್ಲಿ ತಣ್ಣಗೆ ಹರಿದದ್ದು, ಕೈಯಲ್ಲಿದ್ದ ಕಪ್ಪು ಮಾರ್ಕರ್ ಪೆನ್ನನ್ನು ಕಲ್ಲುಕೆಲಸದ ಚಾಚಾನ ಕೈಗೆ ಕೊಟ್ಟು ‘ಬುಡದ ಕಡೆ ಬಾಣ ಹೊಡೀರಿ’ ಎಂದದ್ದು, ಎಲ್ಲವೂ ಇದೆ. ಆದರೆ ಅದೇ ದಿನ ನಮ್ಮ ಜೀಪಿನ ಡ್ರೈವರ್ ತೆಗೆದ ಒಂದು ಫೋಟೊ ಕೂಡ ಇದೆ. ಅದರಲ್ಲಿ ನಾನು ಮೊಣಕಾಲಿನ ತನಕ ಬರುವ ರಬ್ಬರ್ ಬೂಟು ಹಾಕಿಕೊಂಡಿದ್ದೇನೆ.

ಬರಿಗಾಲು ಎಲ್ಲಿಂದ ಬಂತು? ಒಂದು ವಿವರ ಸುಳ್ಳಾದರೆ ಉಳಿದವುಗಳಿಗೆ ಯಾರು ಜಾಮೀನು? ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಹನ್ನೆರಡು ಕಲ್ಲುತುಂಡುಗಳ ಮೇಲೆ ಬರೆದ ಹನ್ನೆರಡು ಬಾಣಗಳು ಯಾವ ಕಡೆ ಮುಖ ಮಾಡಿವೆ ಎಂಬುದರ ಮೇಲೆ ನನ್ನ ಪಿಎಚ್‌ಡಿಯ ಎರಡು ವರ್ಷದ ಕೆಲಸ ನಿಂತಿತ್ತು.

ಕೆಲವು ವರ್ಷಗಳ ಹಿಂದಿನ ಜನವರಿ ಅದು. ಶಿರಹಟ್ಟಿಯಿಂದ ಸೊರಟೂರ ಕಡೆಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಉದ್ದನೆಯ ದಿಣ್ಣೆ. ಸುತ್ತ ಕಡಲೆ, ಜೋಳ. ನಡುವೆ ಕೆಡವಿದ ಕೋಟೆಗೋಡೆಯ ಹಾಗೆ ಸಾಲಾಗಿ ಬಿದ್ದ ಕರಿಕಲ್ಲು. ನೆಲ ಎಳೆತಕ್ಕೆ ಸಿಕ್ಕಿ ಬಿರಿದಾಗ ಆಳದಿಂದ ಕರಗಿದ ಕಲ್ಲು ಬಿರುಕಿನೊಳಗೆ ನುಗ್ಗಿ, ಅಲ್ಲೇ ಆರಿ ಗಟ್ಟಿಯಾದರೆ ಇಂಥ ಗೋಡೆ ಆಗುತ್ತದೆ. ನಾವು ಡೈಕ್ ಎನ್ನುತ್ತೇವೆ. ಈ ಭಾಗದ ಹೆಚ್ಚಿನ ಡೈಕ್‌ಗಳು ನೂರಾರು ಕೋಟಿ ವರ್ಷ ಹಳೆಯವು. ಆದರೆ ಕೆಲವು ತೀರ ಈಚಿನವು. ಈಚಿನವು ಎಂದರೆ ಸುಮಾರು ಒಂಬತ್ತು ಕೋಟಿ ವರ್ಷದವು, ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಕಿತ್ತುಕೊಂಡು ಹೋದ ಕಾಲದವು. ಈ ದಿಣ್ಣೆಯೂ ಆ ಜಾತಿಗೆ ಸೇರಿದ್ದೇ? ನನ್ನ ಪ್ರಶ್ನೆ ಅಷ್ಟೇ. ಹೌದಾದರೆ, ಆ ಅಗಲಿಕೆಯ ಎಳೆತ ಕರಾವಳಿಯಿಂದ ಇಷ್ಟು ಒಳಗೆ, ನಾನು ಹುಟ್ಟಿದ ಬೆಟಗೇರಿಯಿಂದ ಒಂದು ತಾಸಿನ ದಾರಿಯ ತನಕ, ತಲುಪಿತ್ತು ಎಂದಾಗುತ್ತಿತ್ತು.

ಕಲ್ಲಿಗೆ ದಿಕ್ಕು ನೆನಪಿರುತ್ತದೆ. ಕರಗಿದ ಕಲ್ಲು ಆರುವಾಗ ಅದರೊಳಗಿನ ಕಬ್ಬಿಣದ ಅಂಶವಿರುವ ಕಣಗಳು ಆಗಿನ ಭೂಕಾಂತದ ಕಡೆ ಮುಖ ಮಾಡಿ ಹಾಗೇ ಹೆಪ್ಪುಗಟ್ಟುತ್ತವೆ. ಆ ಮುಖ ಎಷ್ಟು ಓರೆಯಾಗಿದೆ ಎಂಬುದರಿಂದ ಕಲ್ಲು ಆರಿದಾಗ ಭೂಮಧ್ಯರೇಖೆಯಿಂದ ಎಷ್ಟು ದೂರ ಇತ್ತು ಎಂದು ಲೆಕ್ಕ ಹಾಕಬಹುದು. ಬೇರೆಬೇರೆ ವಯಸ್ಸಿನ ಕಲ್ಲುಗಳಿಂದ ಎರಡು ಭೂಖಂಡಗಳ ದಾರಿಯನ್ನು ಹೀಗೆ ಗುರುತಿಸಿಕೊಂಡು ಹೋದರೆ, ಎಲ್ಲಿಯ ತನಕ ಎರಡೂ ದಾರಿ ಒಂದೇ, ಎಲ್ಲಿ ಕವಲೊಡೆಯುತ್ತವೆ ಎಂಬುದು ಕಾಣುತ್ತದೆ. ಆ ಕಾಲದ ನಮ್ಮ ನೆಲ ದಕ್ಷಿಣ ಗೋಳದಲ್ಲಿ ಬಹಳ ಕೆಳಗಿತ್ತು. ಆದ್ದರಿಂದ ಮಡಗಾಸ್ಕರ್ ಕಾಲದ ಕಲ್ಲಿನೊಳಗಿನ ಕಾಂತದ ಮುಳ್ಳು ವಾಯವ್ಯದ ಕಡೆ ತಿರುಗಿ ಮೇಲಕ್ಕೆ ನೋಡುತ್ತದೆ. ಅದಾದ ಎರಡು ಕೋಟಿ ಚಿಲ್ಲರೆ ವರ್ಷಕ್ಕೆ ಹರಿದ ದಖ್ಖನ್ನಿನ ಲಾವಾದಲ್ಲಿ ಹೆಚ್ಚಿನ ಪಾಲು ಇದಕ್ಕೆ ಉಲ್ಟಾ, ಆಗ್ನೇಯಕ್ಕೆ ತಿರುಗಿ ಕೆಳಕ್ಕೆ ನೋಡುತ್ತದೆ, ಯಾಕೆಂದರೆ ಅಷ್ಟರಲ್ಲಿ ಭೂಮಿಯ ಉತ್ತರ ದಕ್ಷಿಣಗಳೇ ಅದಲುಬದಲಾಗಿದ್ದವು.

ಮೇಲೋ ಕೆಳಗೋ, ಇಷ್ಟನ್ನು ತಪ್ಪಿಲ್ಲದೆ ಹೇಳಬೇಕಾದರೆ ಕಲ್ಲಿನ ತುಂಡು ನೆಲದಲ್ಲಿದ್ದಾಗ ಯಾವ ತುದಿ ಆಕಾಶದ ಕಡೆ ಇತ್ತು, ಯಾವ ತುದಿ ಒಳಗಿತ್ತು ಎಂಬುದು ಗೊತ್ತಿರಬೇಕು. ಬಾಣ ಇರುವುದು ಅದಕ್ಕೆ.

ನಾವು ಮೂವರು. ನಾನು, ಜೀಪಿನ ಡ್ರೈವರ್ ಮತ್ತು ಲಕ್ಷ್ಮೇಶ್ವರದ ಕಲ್ಲುಕೆಲಸದ ಚಾಚಾ. ಡ್ರೈವರ್ ಕಳಸಾಪುರದವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಅಣ್ಣಾ ಎನ್ನುತ್ತಿದ್ದೆ. ಚಾಚಾನ ಮನೆತನದವರು ತಲೆಮಾರುಗಳಿಂದ ಬೀಸುವ ಕಲ್ಲು, ಒಳಕಲ್ಲು, ಗೋರಿಕಲ್ಲು ಮಾಡಿದವರು. ನನಗೆ ಅವರು ಬೇಕಾದದ್ದು ಕೋರ್ ಮುರಿಯಲಿಕ್ಕೆ. ಡ್ರಿಲ್ ಒಂದು ಅಂಗುಲ ದಪ್ಪದ, ಅರ್ಧ ಗೇಣಿನ ಕಲ್ಲಿನ ಕಡ್ಡಿಯನ್ನು ಸುತ್ತ ಕೊರೆದು ನಿಲ್ಲಿಸುತ್ತದೆ, ತಳ ಮಾತ್ರ ಕಲ್ಲಿಗೆ ಅಂಟಿಕೊಂಡಿರುತ್ತದೆ. ಇದೇ ಕೋರ್. ಅದರ ಮೇಲೆ ಸೀಳು ಇರುವ ಅಲ್ಯುಮಿನಿಯಂ ಕೊಳವೆ ಕೂರಿಸಿ, ಎಷ್ಟು ವಾಲಿದೆ, ಯಾವ ಕಡೆ ವಾಲಿದೆ ಎಂದು ಅಳೆದು, ಸೀಳಿನಲ್ಲಿ ಹಿತ್ತಾಳೆ ತಂತಿಯಿಂದ ಗೀರು ಎಳೆಯಬೇಕು. ಕರಿಕಲ್ಲು ದಿಕ್ಸೂಚಿಯ ಮುಳ್ಳನ್ನೇ ಎಳೆಯುವುದರಿಂದ ದಿಕ್ಕಿಗೆ ಸೂರ್ಯನೇ ಗತಿ. ಸಣ್ಣ ಕಡ್ಡಿಯ ನೆರಳು ನೋಡಿ, ಗಡಿಯಾರದ ಸಮಯ ಬರೆದುಕೊಳ್ಳಬೇಕು. ಆಮೇಲೆ ಕೋರ್ ಮುರಿದು ಹೊರಗೆ ತೆಗೆದು, ಗೀರಿನ ಮೇಲೆ ಬಾಣದ ತಲೆ ಬರೆಯಬೇಕು, ಒಳಗಿದ್ದ ತುದಿಯ ಕಡೆಗೆ.

ನಾನು ಮುರಿದರೆ ಕೋರ್ ಮೂರು ಚೂರಾಗುತ್ತಿತ್ತು. ಚಾಚಾ ಸಣ್ಣ ಉಳಿಯನ್ನು ಸಂದಿಯಲ್ಲಿ ಇಟ್ಟು ಸುತ್ತಿಗೆಯಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು, ಮೂರನೆಯದಕ್ಕೆ ತಟಕ್ಕೆಂದು ಇಡಿಯಾಗಿ ತೆಗೆಯುತ್ತಿದ್ದರು.

“ಇಷ್ಟ ಸಣ್ಣ ಕಲ್ಲ ನಮ್ಮಪ್ಪನೂ ಕಡದಿರಲಿಕ್ಕಿಲ್ಲ,” ಎಂದರು. “ಯಾರ ಮನ್ಯಾಗ ಇದರಾಗ ಖಾರ ಕುಟ್ಟತಾರ ಹೇಳ್ರಿ ಮೇಡಮ್ಮಾರ.”

“ಮೂಲಂಗಿ ಕಿತ್ತಂಗ ಕೀಳತಾನ ನೋಡ್ರಿ,” ಎಂದ ಡ್ರೈವರ್. “ಚಾಚಾ, ಸಂತ್ಯಾಗ ಒಂದ ಸಿವುಡ ಮಾಡಿ ಕುಂದ್ರೂಣೇನು?”

“ನೀ ಕುಂದ್ರು. ನಿನ್ನ ಹಲ್ಲ ಬಿದ್ದ ಮ್ಯಾಲ ಗಿರಾಕಿಗೆ ರುಚಿ ಹೆಂಗ ಹೇಳ್ತಿ?”

ಹನ್ನೆರಡು ಕೋರ್. ಸೂರ್ಯ ಮೋಡಕ್ಕೆ ಹೋಗುವ ಮೊದಲು ನೆರಳಿನ ಅಳತೆ ಮುಗಿಸಬೇಕೆಂಬ ಅವಸರದಲ್ಲಿ ನಡುವೆ ಎಲ್ಲೋ ಪೆನ್ನನ್ನು ಚಾಚಾನಿಗೆ ಕೊಟ್ಟೆ. ಎಷ್ಟನೆಯ ಕೋರಿನಿಂದ ಎಂದು ನೋಟ್‌ಬುಕ್ಕಿನಲ್ಲಿ ಇಲ್ಲ. ಅಲ್ಲಿ ಇರುವುದು ಕೋನಗಳು, ಸಮಯ, ಮತ್ತು ಒಂದು ಕಡೆ, ಕಾರಣ ಗೊತ್ತಿಲ್ಲ, ‘ಮಿರ್ಚಿ ೬’ ಎಂಬ ಬರಹ. ಶಿರಹಟ್ಟಿಯ ಬಸ್‌ಸ್ಟ್ಯಾಂಡಿನ ಎದುರು ತಿಂದವು ಇರಬೇಕು.

ಆ ಜನವರಿಯಲ್ಲಿ ನನಗೆ ಒಂದು ಹೆಮ್ಮೆ ಇತ್ತು. ಪ್ರಯೋಗಶಾಲೆಯ ಬೇರೆಯವರೆಲ್ಲ ಊರವರ ಜೊತೆ ಮಾತಾಡಲು ಯಾರನ್ನಾದರೂ ಕರೆದುಕೊಂಡು ಹೋಗಬೇಕಾಗುತ್ತಿತ್ತು. ನನಗೆ ಬೇಕಾಗಿರಲಿಲ್ಲ. ಇದು ನನ್ನ ಭಾಷೆ.

ಪ್ರಯೋಗಶಾಲೆಯಲ್ಲಿ ಕೋರ್‌ಗಳ ಎರಡೂ ತುದಿ ಕೊಯ್ದು ಬಿಸಾಡಿ, ನಡುವಿನ ಭಾಗವನ್ನು ಒಂದೇ ಅಳತೆಯ ಬಿಲ್ಲೆಗಳನ್ನಾಗಿ ಮಾಡಿದೆವು. ಬಾಣವನ್ನು ಪ್ರತಿ ಬಿಲ್ಲೆಯ ಮೇಲೆ ಮತ್ತೆ ತಿದ್ದಿದ್ದು ನಾನೇ, ಮೊದಲಿದ್ದ ಹಾಗೆಯೇ. ಬಿಸಾಡಿದ ತುದಿಗಳಲ್ಲಿ ಒಂದರ ಮೇಲೆ ಮಳೆ ಬಿಸಿಲಿಗೆ ಕಂದಿದ ತೊಗಲು ಇತ್ತು. ಯಾವುದು ಆಕಾಶದ ಕಡೆಯದು ಎಂದು ಕಣ್ಣಿಗೇ ಕಾಣುತ್ತಿತ್ತು. ನಾನು ನೋಡಲಿಲ್ಲ. ಬಾಣ ಇದೆಯಲ್ಲ.

ಬಿಲ್ಲೆಗಳನ್ನು ಹಂತಹಂತವಾಗಿ ಕಾಯಿಸಿ, ಆರಿಸಿ, ಪ್ರತಿಸಲವೂ ಅಳೆಯಬೇಕು. ಆಮೇಲಿನ ಕಾಲದಲ್ಲಿ ಅಂಟಿಕೊಂಡ ಸಡಿಲ ನೆನಪುಗಳು ಮೊದಲು ಸುಟ್ಟು ಹೋಗುತ್ತವೆ, ಹುಟ್ಟಿನದು ಕೊನೆಗೆ ಉಳಿಯುತ್ತದೆ. ಮನುಷ್ಯರಿಗೆ ಇಂಥ ಒಲೆ ಇಲ್ಲ. ಆರು ವಾರ ಹಿಡಿಯಿತು. ಐದು ಕೋರ್‌ಗಳು ವಾಯವ್ಯಕ್ಕೆ, ಮೇಲಕ್ಕೆ, ಒಂದೇ ಗುಂಪಾಗಿ ಬಂದವು. ಮಡಗಾಸ್ಕರ್. ಉಳಿದ ಏಳು ಕೆಳಕ್ಕೆ ಹೋದವು. ಕೆಳಕ್ಕೆ ಹೋಗಿ, ಒಂದು ಅತ್ತ, ಒಂದು ಇತ್ತ, ಚೆಲ್ಲಾಪಿಲ್ಲಿ. ಅವು ದಖ್ಖನ್ನಿನವೂ ಅಲ್ಲ, ಬೇರೆ ಯಾವುದೂ ಅಲ್ಲ. ಒಂದೇ ಕಲ್ಲು ಎರಡು ಮಾತು ಆಡುವಂತಿಲ್ಲ.

ಕಾರಣ ಹೊಳೆದದ್ದು ಎರಡು ದಿನದ ಮೇಲೆ. ಬುಡಮೇಲಾದ ಕೋರಿನ ದಿಕ್ಕು ಪೂರ್ತಿ ಉಲ್ಟಾ ಆಗುವುದಿಲ್ಲ. ಮೇಲೆ ಇದ್ದದ್ದು ಕೆಳಗಾಗುತ್ತದೆ; ಆದರೆ ಎಡಬಲ ಮಾತ್ರ ಡ್ರಿಲ್ ಯಾವ ಕಡೆ ವಾಲಿತ್ತೋ ಅದಕ್ಕೆ ತಕ್ಕಂತೆ ಒಂದೊಂದು ಒಂದೊಂದು ಕಡೆ ಚೆದುರುತ್ತದೆ. ಏಳರಲ್ಲಿ ಬಾಣ ಉಲ್ಟಾ ಬಿದ್ದಿದ್ದರೆ ಹೀಗೇ ಕಾಣಬೇಕು. ಕಂಪ್ಯೂಟರಿನಲ್ಲಿ ಏಳನ್ನೂ ತಿರುಗಿಸಿ ನೋಡಿದೆ. ಆರು ಕೋರ್‌ಗಳು ಬಂದು ಐದರ ಗುಂಪಿನಲ್ಲಿ ಕೂತವು. ಕೊಟ್ಟಿಗೆಗೆ ದನ ಬಂದು ಸೇರಿದ ಹಾಗೆ. ಏಳನೆಯ ನಂಬರಿನದು ಮಾತ್ರ ತಿರುಗಿಸಿದರೂ ಸೇರಲಿಲ್ಲ, ತಿರುಗಿಸದಿದ್ದರೂ ಸೇರಲಿಲ್ಲ.

ಗೈಡ್ ಸರ್ ಕಾಗದ ನೋಡಿದರು. ಮೈಸೂರು ಕಡೆಯವರು, ಸಿಟ್ಟು ಬಂದಾಗ ದನಿ ಇಳಿಯುತ್ತಿತ್ತು.

“ಯಾಕೆ ತಿರುಗಿಸಿದಿರಿ?”

“ಬಾಣ ಉಲ್ಟಾ ಬಿದ್ದಿರಬಹುದು, ಸರ್.”

“ಬಿದ್ದಿರಬಹುದು. ನಿಮಗೆ ಬೇಕಾದ ಉತ್ತರ ಬರೋ ಆರನ್ನು ತಿರುಗಿಸಿ, ಬಾರದ ಒಂದನ್ನು ಬಿಟ್ಟು. ನಿಮ್ಮ ಕಲ್ಲಿಗೆ ತಲೆ ಯಾವುದು, ಕಾಲು ಯಾವುದು ಅಂತ ನಿಮಗೇ ಗೊತ್ತಿಲ್ಲ. ಮಡಗಾಸ್ಕರ್ ಎಲ್ಲಿಂದ ಬಂತು?”

ನಾನು ನೋಟ್‌ಬುಕ್ ತೆರೆದು ಆ ದಿನದ ಪುಟವನ್ನು ಅವರ ಮುಂದಿಟ್ಟೆ.

“ಬಾಣ ಬರೆದದ್ದು ನೀವೋ, ಆ ಕೆಲಸದವರೋ?”

“ಇಬ್ಬರೂ.”

“ಹಾಗಾದರೆ ‘ಸಹಾಯಕನ ತಪ್ಪು’ ಅಂತ ಒಂದು ಸಾಲು ಬರೀರಿ. ಕೆಟ್ಟದ್ದನ್ನ ಬಿಡಿ. ಇಲ್ಲಾ ಹೋಗಿ ಮತ್ತೆ ಕೊರೀರಿ.”

ಮತ್ತೆ ಕೊರೆಯಲು ಮಾರ್ಚಿನಲ್ಲಿ ಹೊರಟೆವು. ದಿಣ್ಣೆ ಇರಬೇಕಾದ ಜಾಗದಲ್ಲಿ ಖಡಿ ಮಶೀನು ನಿಂತಿತ್ತು. ರಸ್ತೆ ಕೆಲಸಕ್ಕೆ ಕಲ್ಲು ಒಡೆಯುವ ಕೆಲಸ ಶುರುವಾಗಿ ಒಂದು ತಿಂಗಳಾಗಿತ್ತಂತೆ. ಕರಿಕಲ್ಲಿನ ಗೋಡೆ ಇದ್ದಲ್ಲಿ ಬಿಳಿ ಧೂಳಿನ ಹೊಂಡ. ಸುತ್ತ ಆಳೆತ್ತರದ ಬಂಡೆಗಳು ಬಿದ್ದಿದ್ದವು. ಆದರೆ ಜಾಗ ಬಿಟ್ಟು ಕದಲಿದ ಕಲ್ಲು ನಮಗೆ ಸಾಕ್ಷಿಯಲ್ಲ. ಡ್ರೈವರ್ ಹೊಂಡದ ಅಂಚಿಗೆ ಹೋಗಿ ನೋಡಿ ಬಂದು ಜೀಪಿಗೆ ಒರಗಿದ. “ಒಂದ ಹಲ್ಲೂ ಬಿಟ್ಟಿಲ್ಲರಿ,” ಎಂದ.

ಹೀಗೆ ಆ ಹನ್ನೆರಡು ಕೋರ್‌ಗಳು ಇದ್ದಕ್ಕಿದ್ದಂತೆ ಆ ಕಲ್ಲಿನ ಒಟ್ಟು ಉಳಿಕೆಯಾದವು.

ಲಕ್ಷ್ಮೇಶ್ವರಕ್ಕೆ ಹೋದೆವು. ಚಾಚಾ ಮನೆಯ ಮುಂದಿನ ಬೇವಿನ ಕೆಳಗೆ ಅಡುಗೆಕಟ್ಟೆಯ ಚಪ್ಪಡಿಗೆ ಅಂಚು ತಿಕ್ಕುತ್ತ ಕೂತಿದ್ದರು. ಮಿಕ್ಸರ್ ಬಂದ ಮೇಲೆ ಅವರ ಹೊಟ್ಟೆಪಾಡು ಇದೇ. ಗೋಡೆಯ ಪಕ್ಕ ಇಟ್ಟಿದ್ದ ಒಂದು ಹಳೆಯ ಒಳಕಲ್ಲಿನ ಕುಳಿಯಲ್ಲಿ ಕೋಳಿಗೆ ನೀರು ಹಾಕಿದ್ದರು. ದಾರಿಯುದ್ದಕ್ಕೂ ನಾನು ಒಂದೇ ಯೋಚಿಸಿದ್ದೆ: ಚಾಚಾನ ಬಾಯಿಗೆ ನಾನಾಗಿ ಮಾತು ಹಾಕಬಾರದು. ‘ನೀವು ಉಲ್ಟಾ ಬರೆದಿರಾ’ ಎಂದು ಕೇಳಿದರೆ ಮರ್ಯಾದೆಗೆ ಹೌದು ಎನ್ನಬಹುದು, ಇಲ್ಲ ಎನ್ನಬಹುದು. ಬೇರೆ ಊರಿನ, ಎರಡೂ ತುದಿ ಇದ್ದ ಒಂದು ಕೋರ್ ಚೀಲದಲ್ಲಿ ತಂದಿದ್ದೆ. ಅದನ್ನೂ ಪೆನ್ನನ್ನೂ ಕೊಟ್ಟೆ.

“ಚಾಚಾ, ಇದಕ್ಕ ಬುಡದ ಕಡೆ ಬಾಣ ಹಾಕ್ರಿ.”

ಅವರು ಕೋರನ್ನು ತಿರುಗಿಸಿ ನೋಡಿದರು. ಮುರಿದ ತುದಿಯನ್ನು ಬೆರಳಿನಿಂದ ಸವರಿದರು, ಕಂದಿದ ತುದಿಯನ್ನು ಉಗುರಿನಿಂದ ಕೆರೆದರು. ಆಮೇಲೆ ಕಂದಿದ ತುದಿಯ ಕಡೆಗೆ, ಅಂದರೆ ಆಕಾಶ ಕಂಡ ತುದಿಯ ಕಡೆಗೆ, ಚೊಕ್ಕಟವಾಗಿ ಬಾಣ ಬರೆದರು.

“ಇದು ಬುಡ ಹೆಂಗಾತು?” ನನ್ನ ದನಿ ಸ್ವಲ್ಪ ಏರಿರಬೇಕು.

“ಮತ್ತ?” ಚಾಚಾ ಒಳಕಲ್ಲಿನ ಕಡೆ ಕೈ ತೋರಿಸಿದರು. “ಅದನ್ನ ಮಾಡುಮುಂದ ಏನ ಮಾಡ್ತೇವಿ? ಬಿಸಲ ತಿಂದ ಕಡಿ ಮೆತ್ತಗಾಗಿರ್ತೈತಿ, ಅದನ್ನ ನೆಲಕ್ಕ ಹಾಕ್ತೇವಿ. ಅದು ಬುಡ. ಭೂಮ್ಯಾಗಿನ ಕಡಿ ತಾಜಾ ಇರ್ತೈತಿ, ಗಟ್ಟಿ. ಅದನ್ನ ಮ್ಯಾಲ ಮಾಡಿ ಕುಳಿ ಹೊಡಿತೇವಿ. ಅದು ಮುಖ. ಬಿಸಲ ತಿಂದದ್ದನ್ನ ಮುಖಾ ಮಾಡಿದ್ರ ಹಿಟ್ಟಿನಾಗ ಕಲ್ಲಿನ ಹರಳ ಬರ್ತಾವು. ನಮ್ಮಪ್ಪ ಕೈ ಮುರೀತಿದ್ದ.”

ಬೆಟಗೇರಿಯಲ್ಲಿ ಹುಟ್ಟಿದವಳಿಗೆ ಗಿಡದ ಬುಡ ಗೊತ್ತು, ಕಂಬದ ಬುಡ ಗೊತ್ತು. ಕಲ್ಲಿನ ಬುಡ ಆಕಾಶದಲ್ಲಿ ಇರುತ್ತದೆ ಎಂದು ಗೊತ್ತಿರಲಿಲ್ಲ.

ಚಾಚಾ ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು. “ತಪ್ಪಾತೇನ ತಂಗಿ?” ಮೇಡಮ್ಮಾರು ಹೋಗಿ ತಂಗಿ ಆದದ್ದು ಆಗಲೇ.

ಹೇಳಿದೆ. ಏಳು ಕೋರ್ ಉಲ್ಟಾ ಇರಬಹುದು, ಆ ದಿಣ್ಣೆ ಈಗ ಇಲ್ಲ, ಉಳಿದದ್ದು ಆ ಹನ್ನೆರಡೇ ಎಂದು.

“ನೀವು ಬುಡ ಅಂದ್ರಲ್ಲ.”

“ಅಂದೆನಾ?”

“ಅಂದ್ರಿ. ನಾ ಹಂಗ ಹಾಕಿದೆ.”

“ಇಲ್ಲರಿ,” ಎಂದ ಡ್ರೈವರ್. “‘ಒಳಗಿನ ಕಡೆ’ ಅಂದ್ರು. ನಾ ಅಲ್ಲೇ ಡ್ರಿಲ್ಲಿಗೆ ನೀರಿನ ಪಂಪ ಹೊಡಿಯಾಕ ಹತ್ತಿದ್ದೆ.”

“ನೀ ಪಂಪ ಹೊಡಿಯಾಕ ಹತ್ತಿದ್ದಿ, ಕಿವಿ ಡ್ರಿಲ್ಲಿಗೆ ಕೊಟ್ಟಿದ್ದಿ,” ಎಂದರು ಚಾಚಾ. ಆಮೇಲೆ ನನ್ನ ಕಡೆ ತಿರುಗಿ, “ಎಷ್ಟನೇದರಿಂದ ನಾ ಹಾಕಿದೆ ಅಂತ ಕೇಳಬ್ಯಾಡ. ನೆನಪಿಲ್ಲ. ಸುಳ್ಳ ಹೇಳಂಗಿಲ್ಲ. ನಡುವ ಒಂದೆರಡು ನೀನೂ ಹಾಕಿದಿ.”

ಸ್ವಲ್ಪ ಹೊತ್ತು ಅಂಚು ತಿಕ್ಕಿದರು. ನಂತರ ನೋಡದೆಯೇ ಕೇಳಿದರು, “ಪುಸ್ತಕದಾಗ ನನ್ನ ಸುದ್ದಿ ಏನಂತ ಬರೀತಿ? ಕಲ್ಲಿನ ಬುಡ ಗೊತ್ತಿಲ್ಲದಾವ ಅಂತ?”

ತೀರ್ಮಾನ ಮಾಡಿದ್ದು ಆಗ, ಅಥವಾ ಈಗ ನೆನಪಿಗೆ ಹಾಗೆ ಅನಿಸುತ್ತದೆ. ಶಬ್ದದ ಗುಟ್ಟು ಸಿಕ್ಕಿತ್ತು. ಅದನ್ನೇ ಆಧಾರವಾಗಿಟ್ಟು ಆರನ್ನು ತಿರುಗಿಸಿದರೆ ಗೈಡ್ ಸರ್ ಕೂಡ ಒಪ್ಪಬಹುದಿತ್ತು. ವಾದ ಗಟ್ಟಿ ಇತ್ತು. ಆದರೆ ಅದಕ್ಕೆ ನಾನು ಎಷ್ಟು ಬರೆದೆ, ಅವರು ಎಷ್ಟು ಬರೆದರು ಎಂಬುದು ಗೊತ್ತಿರಬೇಕಿತ್ತು. ಗೊತ್ತಿದ್ದವರು ಯಾರೂ ಇರಲಿಲ್ಲ. ಹನ್ನೆರಡನ್ನೂ ಬಿಡುತ್ತೇನೆ ಎಂದೆ.

“ಬಿಡತೇನಿ ಅಂದ್ರ?” ಎಂದ ಡ್ರೈವರ್. “ಎರಡು ವರ್ಷರಿ.”

ಚಾಚಾ ಎದ್ದು ಕೈ ಝಾಡಿಸಿಕೊಂಡರು. “ಅದ ಕಲ್ಲ ಸೊರಟೂರ ಹಾದ್ಯಾಗ ಒಂದ ಬಾವ್ಯಾಗ ಐತಿ. ನಮ್ಮಪ್ಪ ಆ ಬಾವಿ ಕಡದಾಂವ. ಪಡುವಲ ಗ್ವಾಡಿಗೆ ಈ ಕರಿಕಲ್ಲ ಬಂದು ಹತ್ತು ಹಾರಿ ಮುರಿದ್ವು ಅಂತ ಸಾಯೂತನಕ ಹೇಳ್ತಿದ್ದ.”

ಬಾವಿಯ ಒಡತಿ ಎಪ್ಪತ್ತರ ಹತ್ತಿರದ ಹೆಂಗಸು. ಹೊಲದ ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಬಾವಿಯಲ್ಲಿ ಯಾಕೆ ಕೊರೆಯಬೇಕು ಎಂದು ಕೇಳಿದಳು. ನಾನು ಹೇಳತೊಡಗಿದೆ: ಬಹಳ ಹಿಂದೆ ನಮ್ಮ ನೆಲಕ್ಕೆ ಇನ್ನೊಂದು ನೆಲ ಅಂಟಿಕೊಂಡಿತ್ತು, ಅದು ಬೇರೆಯಾಗಿ ಹೋಯಿತು, ಯಾವಾಗ ಹೋಯಿತು ಎಂದು ತಿಳಿಯಬೇಕು.

“ಅಣ್ಣತಮ್ಮರು ಬ್ಯಾರಿ ಆದಂಗ,” ಎಂದಳು.

“ಹಂಗ ಅನ್ರಿ.”

“ಹಂಗಾದ್ರ ಯಾವ ತಾರೀಖ ಬೇಕು? ನಮ್ಮನ್ಯಾಗ ಒಲಿ ಬ್ಯಾರಿ ಆದದ್ದು ಒಂದ ವರ್ಷ, ಹೊಲ ಬ್ಯಾರಿ ಆದದ್ದು ಆರ ವರ್ಷದ ಮ್ಯಾಲ. ಮೊದಲ ಒಲಿ ಬ್ಯಾರಿ ಆಗ್ತಾವು.”

ಈ ಮಾತನ್ನು ನಾನು ಅಲಂಕಾರಕ್ಕೆ ಸೇರಿಸುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಇದೆ, ಪೆನ್ಸಿಲ್ಲಿನಲ್ಲಿ. ನೆಲ ಎಳೆತಕ್ಕೆ ಬಿರಿದು, ಬಿರುಕಿನಲ್ಲಿ ಬೆಂಕಿ ತುಂಬುವುದು ಮೊದಲು. ನಡುವೆ ಸಮುದ್ರ ತೆರೆದುಕೊಳ್ಳುವುದು ಆಮೇಲೆ. ಡೈಕ್ ಹೇಳುವುದು ಒಲೆಯ ತಾರೀಖು. ಹೊಲದ ತಾರೀಖು ಬೇಕಾದರೆ ಸಮುದ್ರದ ತಳದ ಕಲ್ಲಿಗೆ ಹೋಗಬೇಕು. ಎರಡನ್ನೂ ಸೇರಿಸಿ ‘ಅಗಲಿದ ಕಾಲ’ ಎಂದು ಒಂದೇ ಅಂಕೆ ಬರೆಯುವುದು ನಮ್ಮ ಅನುಕೂಲಕ್ಕೆ.

“ಇಳೀರಿ,” ಎಂದಳು ಮುದುಕಿ. “ಗಂಗವ್ವ ಅದಾಳ, ಬಾವ್ಯಾಗ ಕಾಲ್ಮರಿ ಬ್ಯಾಡ.”

ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟೆ.

ನೀರು ತಳಕ್ಕೆ ಹೋಗಿತ್ತು. ಪಡುವಣ ಗೋಡೆಗೆ ಬೆಳಿಗ್ಗೆ ಒಂದು ತಾಸು ಮಾತ್ರ ಬಿಸಿಲು; ಆ ಒಂದು ತಾಸಿನಲ್ಲಿ ನೆರಳಿನ ಅಳತೆ ಮುಗಿಯಬೇಕು. ಮೂರು ದಿನ ಬೆಳಿಗ್ಗೆ ಇಳಿದೆವು. ಬಾವಿ ನನಗೆ ದಿಣ್ಣೆಗಿಂತ ಒಳ್ಳೆಯ ಪುಸ್ತಕ ಆಯಿತು, ಯಾಕೆಂದರೆ ಅಲ್ಲಿ ಕರಿಕಲ್ಲು ಬೂದು ಗ್ರಾನೈಟಿಗೆ ತಾಗಿದ ಗೆರೆಯೇ ಕಾಣುತ್ತಿತ್ತು. ಕರಿಕಲ್ಲಿನಿಂದ ಮೂರು ಕೋರ್, ಅದರ ಬಿಸಿಗೆ ಬೆಂದ ಪಕ್ಕದ ಗ್ರಾನೈಟಿನಿಂದ ಒಂದು, ಬೇಯದೆ ದೂರ ಇದ್ದ ಗ್ರಾನೈಟಿನಿಂದ ಒಂದು. ಬೆಂದದ್ದು ಕರಿಕಲ್ಲಿನ ದಿಕ್ಕನ್ನೇ ಹೇಳಿ, ಬೇಯದ್ದು ಬೇರೆ ಹೇಳಿದರೆ, ಆ ದಿಕ್ಕು ಕಲ್ಲು ಹುಟ್ಟಿದಾಗಿನದು ಎಂದು ನಂಬಬಹುದು.

ಪ್ರತಿ ಕೋರ್ ಹೊರಬಂದಾಗಲೂ ಚಾಚಾ ಅದನ್ನು ಎತ್ತಿ ಹಿಡಿದು ಕೇಳುತ್ತಿದ್ದರು, “ನಿನ್ನ ಬುಡ ಏನು, ನನ್ನ ಬುಡ ಏನು?”

“ನನ್ನ ಬುಡ.”

“ನಿನ್ನ ಬುಡ ಅಂದ್ರ ನನ್ನ ಮುಖ.”

“ಹೌದರಿ.”

“ಬರಕೋ.”

ಬರೆದುಕೊಂಡೆ. ಡ್ರೈವರ್ ಔಷಧ ಹೊಡೆಯುವ ಪಂಪಿನಿಂದ ನೀರು ಒತ್ತುತ್ತ ಮೇಲಿನ ಮೆಟ್ಟಿಲಿನಿಂದ ನಗುತ್ತಿದ್ದ. “ಇಬ್ಬರ ಮುಖಾನೂ ಬುಡಾನೂ ಒಂದ ಆಗೇತಿ, ರಾಡಿ ನೋಡ್ರಿ.” ಬೂದು ರಾಡಿ ನನ್ನ ಕಾಲ್ಬೆರಳುಗಳ ನಡುವೆ ತಣ್ಣಗೆ ಹರಿಯುತ್ತಿತ್ತು.

ಇದು ಗಮನಕ್ಕೆ ಬಂದದ್ದು ತೀರ ಈಚೆಗೆ, ಆ ಫೋಟೊ ಸಿಕ್ಕ ಮೇಲೆ. ಬರಿಗಾಲು ಬಾವಿಯದು. ಅದು ದಿಣ್ಣೆಯ ದಿನಕ್ಕೆ ಹೋಗಿ ಸೇರಿಕೊಂಡಿದೆ. ಹಾಗಾದರೆ ‘ಬುಡ’ ಕೂಡ ಚಾಚಾನ ಬೇವಿನ ಕೆಳಗಿನಿಂದಲೋ ಬಾವಿಯಿಂದಲೋ ಹಿಂದಕ್ಕೆ ನಡೆದು ಹೋಗಿರಬಹುದು. ಬಾವಿಯಲ್ಲಿ ಆ ಶಬ್ದವನ್ನು ನಾವು ನಲವತ್ತು ಸಲವಾದರೂ ಆಡಿದ್ದೆವು.

ಬಾವಿಯ ಕರಿಕಲ್ಲಿನ ಮೂರೂ ಕೋರ್‌ಗಳು ವಾಯವ್ಯಕ್ಕೆ, ಮೇಲಕ್ಕೆ ಬಂದವು. ಬೆಂದ ಗ್ರಾನೈಟು ಅವುಗಳ ಜೊತೆ ನಿಂತಿತು. ಬೇಯದ್ದು ಬೇರೆ ಕಡೆ ನೋಡಿತು. ಗೈಡ್ ಸರ್ ಕಾಗದವನ್ನು ಎರಡು ಸಲ ನೋಡಿ, “ಬಾಣ?” ಎಂದರು. ನೋಟ್‌ಬುಕ್ಕಿನ ಪುಟ ತೋರಿಸಿದೆ. ಅಲ್ಲಿ ಕೋರಿನ ಚಿತ್ರ ಬರೆದು, ಒಂದು ತುದಿಗೆ ‘ನನ್ನ ಬುಡ, ಚಾಚಾನ ಮುಖ’ ಎಂದು ಬರೆದಿತ್ತು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ನಗೆಯನ್ನೂ ನಾನು ಪೂರ್ತಿ ನಂಬುವುದಿಲ್ಲ.

ವಯಸ್ಸು ಬೇಕಿತ್ತು. ದಿಕ್ಕು ಹೊಂದಿದರೆ ಸಾಲದು, ನೂರಾರು ಕೋಟಿ ವರ್ಷದ ಕಲ್ಲೂ ಅಪರೂಪಕ್ಕೆ ಅದೇ ದಿಕ್ಕು ನೋಡಿರಬಹುದು. ಯುರೇನಿಯಂ ಸೀಸವಾಗುವ ಗತಿಯಿಂದ ವಯಸ್ಸು ಹೇಳುವ ಸಣ್ಣ ಹರಳುಗಳಿಗಾಗಿ ಬಾವಿಯ ಕಲ್ಲನ್ನು ಪುಡಿ ಮಾಡಿ ಬೇರೆ ಪ್ರಯೋಗಶಾಲೆಗೆ ಕಳಿಸಿದೆವು. ಸಾಕಷ್ಟು ಹರಳು ಸಿಗಲಿಲ್ಲ. ಆರ್ಗಾನ್ ಅನಿಲದ ವಿಧಾನ ಕಾಯಿಸಿದ ಒಂದೊಂದು ಹಂತಕ್ಕೂ ಒಂದೊಂದು ವಯಸ್ಸು ಹೇಳಿತು. ಕಲ್ಲು ನಡುವೆ ಎಂದೋ ಮತ್ತೆ ಕಾದಿತ್ತೋ, ನೀರು ಕುಡಿದಿತ್ತೋ.

ಪ್ರಬಂಧದಲ್ಲಿ ಆ ಅಧ್ಯಾಯ ಸಣ್ಣದಾಯಿತು. ‘ಇರಬಹುದು’ ಎಂದು ಮುಗಿಯಿತು. ದಿಣ್ಣೆಯ ಹನ್ನೆರಡು ಕೋರ್‌ಗಳ ಬಗ್ಗೆ ಒಂದೇ ಸಾಲು ಇದೆ. ಗೈಡ್ ಸರ್ ಅಲ್ಲಿ ‘ಸಹಾಯಕನ ತಪ್ಪು’ ಎಂದು ತಿದ್ದಿದ್ದರು. ಅದನ್ನು ಹೊಡೆದು, ಸಂಶೋಧಕಿ ಗುರುತು ಹಾಕುವ ರೀತಿಯನ್ನು ಸ್ಪಷ್ಟವಾಗಿ ಹೇಳಿರಲಿಲ್ಲ, ಆದ್ದರಿಂದ ಇವನ್ನು ಬಳಸಿಲ್ಲ ಎಂದು ಬರೆದೆ. ಒಂದು ಪ್ರತಿಯನ್ನು ಲಕ್ಷ್ಮೇಶ್ವರಕ್ಕೆ ಒಯ್ದೆ. ಚಾಚಾ ಇಂಗ್ಲಿಷ್ ಓದುವವರಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿಸಿಕೊಂಡರು.

“ನೀ ಹೇಳಿದ್ದಿ ಬಿಡು,” ಎಂದರು. “ಬುಡ ಅಂತ ಚೊಲೋತಂಗ ಹೇಳಿದ್ದಿ.”

ಅದು ಸಮಾಧಾನವೋ, ಸಾಕ್ಷಿಯೋ ಕೇಳಲಿಲ್ಲ. ಈಗ ಕೇಳುವ ಹಾಗಿಲ್ಲ; ಅವರು ಹೋಗಿ ಎರಡು ವರ್ಷ ಆಯಿತು. ಅವರ ಗೋರಿಯ ಕಲ್ಲನ್ನು ಅವರ ಅಳಿಯ ಕಡೆದಿದ್ದಾನೆ. ಬಿಸಿಲು ತಿಂದ ಕಡೆ ನೆಲಕ್ಕಿದೆ, ತಾಜಾ ಕಡೆ ಮೇಲಿದೆ, ನೋಡಿ ಬಂದೆ.

ಗದಗಿಗೆ ಬಂದಾಗಲೆಲ್ಲ ಡ್ರೈವರ್ ಅಣ್ಣ ಸಿಗುತ್ತಾನೆ. ಸೊರಟೂರ ಕಡೆಯ ಹೊಸ ರಸ್ತೆಯ ಮೇಲೆ ಹೋಗುವಾಗ ಸ್ಟೇರಿಂಗ್ ಬಿಡದೆ ಗದ್ದದಿಂದ ಕೆಳಗೆ ತೋರಿಸುತ್ತಾನೆ. “ನಿಮ್ಮ ಮಡಗಾಸ್ಕರ ಮ್ಯಾಲ ಹೊಂಟೇವಿ.” ಡಾಂಬರಿನ ಕೆಳಗೆ ಆ ದಿಣ್ಣೆಯ ಖಡಿ ಇದೆ, ಅಷ್ಟು ಮಾತ್ರ ಖರೆ.

ಏಳನೆಯ ಕೋರಿನ ಒಂದು ಬಿಲ್ಲೆ ನನ್ನ ಮೇಜಿನ ಮೇಲಿದೆ. ಬಾಣ ಅಳಿಸಿಲ್ಲ. ಹಾಗೆ ಇಟ್ಟರೂ, ತಿರುಗಿಸಿ ಇಟ್ಟರೂ ಅದು ಉಳಿದವುಗಳ ಜೊತೆ ಸೇರುವುದಿಲ್ಲ. ಗೀರು ತಪ್ಪಿತ್ತೋ, ನೆರಳು ತಪ್ಪಾಗಿ ಓದಿದೆನೋ, ಆ ಬಂಡೆ ಮೊದಲೇ ಜಾಗ ಬಿಟ್ಟಿತ್ತೋ. ದಿಣ್ಣೆಯ ಕಲ್ಲೂ ಬಾವಿಯ ಕಲ್ಲೂ ಒಂದೇ ಎಂದು ಚಾಚಾ ಸುತ್ತಿಗೆಯ ಸಪ್ಪಳ ಕೇಳಿ ಹೇಳಿದ್ದರು. ನಡುವೆ ಎರಡು ಹರದಾರಿ ಎರಿ ಮಣ್ಣು, ಬೇರೆ ಆಧಾರ ಇಲ್ಲ. ಆ ಕಲ್ಲಿನ ವಯಸ್ಸು ನನಗೆ ಗೊತ್ತಿಲ್ಲ. ಏಳನೆಯದರ ಮೇಲೆ ಬಾಣ ಬರೆದದ್ದು ನಾನೋ ಚಾಚಾನೋ ಗೊತ್ತಿಲ್ಲ. ಅದರ ಯಾವ ತುದಿ ಬಿಸಿಲು ತಿಂದಿತ್ತು, ಅದೂ ಗೊತ್ತಿಲ್ಲ.